ಮೂರು ಗಾಲಿಯ ಬಂಡಿಗೆ ಕಡೆಗೀಲು

ಎತ್ತಿನ ಗಾಡಿಯನ್ನು ಕಂಡವರೆಲ್ಲರೂ ಕಡೆಗೀಲನ್ನು ಬಲ್ಲರು. ಇರಚಿಯ ತುದಿಯಲ್ಲಿ ಒಂದು ರಂಧ್ರ, ಆ ರಂಧ್ರದಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಕಬ್ಬಿಣದ ಕಡ್ಡಿ. ಗಾಡಿಯ ಬೆಲೆಯಲ್ಲಿ ಅದರ ಪಾಲು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ಆದರೂ ಹೊರೆ ಹೇರಿ ಹೊರಡುವ ಮುನ್ನ ಗಾಡಿಯವನು ಎತ್ತಿನ ಕೊರಳನ್ನು ಸವರಿ, ನೊಗವನ್ನು ನೋಡಿ, ಕಡೆಯಲ್ಲಿ ಬಗ್ಗಿ ಕಡೆಗೀಲನ್ನು ಕೈಯಿಂದ ಮುಟ್ಟಿಯೇ ಹೊರಡುತ್ತಿದ್ದನು. ಇಂದು ಆ ಗಾಡಿಗಳು ವಿರಳವಾಗಿವೆ. ಅವುಗಳ ಸ್ಥಾನದಲ್ಲಿ ಮೂರು ಗಾಲಿಯ ಮೋಟಾರು ವಾಹನಗಳು ಓಡಾಡುತ್ತಿವೆ. ಕಡೆಗೀಲಿನ ಕೆಲಸವನ್ನು ಈಗ ನಾಲ್ಕೈದು ಸಣ್ಣ ನಟ್ಟುಗಳು ಮಾಡುತ್ತಿವೆ. ಆದರೆ ಬಗ್ಗಿ ಮುಟ್ಟಿ ನೋಡುವ ಅಭ್ಯಾಸವು ಮಾತ್ರ ಗಾಡಿಯೊಡನೆ ಹಿಂದುಳಿಯಿತು. ಈ ಚಿಕ್ಕ ನಟ್ಟುಗಳ ವಿಷಯವನ್ನೇ ನಾವು ಇಂದು ವಿಚಾರಿಸೋಣ.

ಮೂರು ಗಾಲಿಯ ಮೋಟಾರು ಹೊಸದಲ್ಲ. ಕಾರ್ಲ್ ಬೆಂಜನು 1886ರ ಜನವರಿ 29ರಂದು ಹಕ್ಕುಪತ್ರ ಬೇಡಿದ ಮೊದಲನೆಯ ಮೋಟಾರು ಬಂಡಿಗೆ ಇದ್ದುದು ಮೂರೇ ಗಾಲಿ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಇಟಲಿಯ ಪಿಯಾಜಿಯೋ ಕಾರ್ಖಾನೆಯು 1946ರಲ್ಲಿ ವೆಸ್ಪಾ ಸ್ಕೂಟರನ್ನೂ 1948ರಲ್ಲಿ ಅದರ ಹಿಂಬದಿಗೆ ಎರಡು ಗಾಲಿಗಳನ್ನು ಕೂಡಿಸಿದ ಆಪೆ ಎಂಬ ಸಾಮಾನು ಬಂಡಿಯನ್ನೂ ಹೊರತಂದಿತು. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುನೊಣ. ನಮ್ಮ ದೇಶದ ಆಟೋರಿಕ್ಷಾ ಆ ವಂಶದ್ದೇ. ಸೌರಾಷ್ಟ್ರದಲ್ಲಿ ಬುಲೆಟ್ ಮೋಟಾರು ಸೈಕಲ್ಲಿನ ಮುಂಭಾಗಕ್ಕೆ ಎರಡು ಗಾಲಿಯ ಪೆಟ್ಟಿಗೆಯನ್ನು ಜೋಡಿಸಿ ‘ಛಕಡಾ’ ಎಂಬ ವಾಹನವನ್ನೇ ಕಟ್ಟಿಕೊಂಡರು.

ಚಿತ್ರದುರ್ಗದ ಸೀಮೆಯಲ್ಲಿ ಈ ಕುಲದ ವಾಹನಗಳು ಮೂರು ಬಗೆಯಾಗಿ ಕಾಣುತ್ತವೆ. ಜನರನ್ನು ಒಯ್ಯುವ ಆಟೋಗಳು ಒಂದು ಬಗೆ. ಚಿತ್ರದುರ್ಗದ ಈರುಳ್ಳಿಯನ್ನೂ ಹೊಳಲ್ಕೆರೆಯ ಅಡಿಕೆಯನ್ನೂ ಹೊಸದುರ್ಗ ಹಿರಿಯೂರುಗಳ ತೆಂಗಿನಕಾಯಿಯನ್ನೂ ಹೊರುವ ಸಾಮಾನಿನ ಆಟೋಗಳು ಎರಡನೆಯ ಬಗೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದದ್ದು. ಅದು ಕಾಲಿನ ಶಕ್ತಿಯಿಲ್ಲದವರಿಗಾಗಿ ಹಿಂಬದಿಯ ಎರಡು ಪಕ್ಕಗಳಲ್ಲಿ ಆಸರೆಯ ಗಾಲಿಗಳನ್ನು ಜೋಡಿಸಿದ ಸ್ಕೂಟರು. ಕರ್ನಾಟಕ ಸರ್ಕಾರದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮೂಲಕ ಇಂತಹ ವಾಹನಗಳು ಅನೇಕರ ಕೈ ಸೇರಿವೆ. ಮನೆಯ ಹೊಸ್ತಿಲಿನಿಂದಾಚೆಗೆ ಇನ್ನೊಬ್ಬರ ತೋಳಿಲ್ಲದೆ ಹೋಗಲಾರದವರು ಅವುಗಳ ಮೇಲೆ ಕುಳಿತು ಅಂಗಡಿ ನಡೆಸುತ್ತಿದ್ದಾರೆ, ಕಚೇರಿಗೆ ಹೋಗುತ್ತಿದ್ದಾರೆ. ಅವರಿಗೆ ಆ ಬಂಡಿಯೇ ಕಾಲು.

ಗಾಲಿಯೊಂದು ಕಳಚಿದರೆ ಈ ವಾಹನಗಳಿಗೆ ಏನಾಗುತ್ತದೆ? ನಿಂತ ವಸ್ತುವು ಬೀಳದಿರಬೇಕಾದರೆ ಅದರ ಭಾರದ ಕೇಂದ್ರದಿಂದ ಇಳಿಬಿಟ್ಟ ಗೆರೆಯು ಆಸರೆಗಳ ನಡುವಣ ಕ್ಷೇತ್ರದೊಳಗೆ ಬೀಳಬೇಕು. ನಾಲ್ಕು ಗಾಲಿಯ ಬಂಡಿಯಲ್ಲಿ ಈ ಕ್ಷೇತ್ರವು ಚೌಕ. ಒಂದು ಗಾಲಿ ಹೋದರೂ ತ್ರಿಕೋನವೊಂದು ಉಳಿಯುತ್ತದೆ. ಚಾಲಕನಿಗೆ ಒಂದು ಕ್ಷಣದ ಅವಕಾಶವಾದರೂ ದೊರೆಯಬಹುದು. ಮೂರು ಗಾಲಿಯಲ್ಲಿ ಕ್ಷೇತ್ರವು ಮೊದಲೇ ತ್ರಿಕೋನ. ಅದರಲ್ಲಿ ಒಂದು ಮೂಲೆ ಹೋದರೆ ಉಳಿಯುವುದು ಬರಿಯ ಗೆರೆ. ಗೆರೆಯ ಮೇಲೆ ಯಾವ ಬಂಡಿಯೂ ನಿಲ್ಲದು. ಹೋದ ಗಾಲಿಯ ಕಡೆಗೆ ಕೂಡಲೇ ಉರುಳುತ್ತದೆ. ಕಾಲೂರಿ ತಡೆಯುವ ಅಥವಾ ಹಾರಿ ಪಾರಾಗುವ ಶಕ್ತಿಯಿಲ್ಲದವನು ಅದರ ಮೇಲಿದ್ದರೆ ಗತಿಯೇನೆಂಬುದನ್ನು ಶ್ರೋತೃಗಳೇ ಊಹಿಸಬಹುದು. ಬೆಂಗಳೂರಿನಿಂದ ಪುಣೆಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಹಿರಿಯೂರು ಚಿತ್ರದುರ್ಗಗಳ ಮೇಲೆಯೇ ಹಾದುಹೋಗುವುದರಿಂದ, ಹಾಗೆ ಉರುಳಿದ ಬಂಡಿಯ ಬೆನ್ನಿಗೆ ವೇಗದ ಲಾರಿಯೊಂದು ಬರುತ್ತಿರುವುದೂ ಅಸಂಭವವಲ್ಲ.

ಇನ್ನೊಂದು ಸಂಗತಿಯುಂಟು. ದ್ವಿಚಕ್ರ ವಾಹನವು ತಿರುವಿನಲ್ಲಿ ಒಳಕ್ಕೆ ಓರೆಯಾಗುತ್ತದೆ; ಆದುದರಿಂದ ಗಾಲಿಯ ಮೇಲೆ ಬೀಳುವ ಬಲವು ಬಹುಮಟ್ಟಿಗೆ ಗಾಲಿಯ ಸಮತಲದಲ್ಲಿಯೇ ಇರುತ್ತದೆ. ಸಾಮಾನ್ಯ ಆಟೋ ಹಾಗೆ ಓರೆಯಾಗಲಾರದು. ಪ್ರತಿ ತಿರುವಿನಲ್ಲಿಯೂ ಗಾಲಿಯನ್ನು ಪಕ್ಕಕ್ಕೆ ತಳ್ಳುವ ಬಲವೊಂದು ಹುಟ್ಟಿ, ಅದು ಗಾಲಿಯನ್ನು ಗುಂಬದಿಂದ ಮೀಟಿ ಕೀಳುವಂತೆ ವರ್ತಿಸುತ್ತದೆ. ಈ ಮೀಟುವಿಕೆಯನ್ನು ತಾಳುವುದು ನಟ್ಟುಗಳ ಭಾಗದ ಕೆಲಸ.

ನಟ್ಟು ಗಾಲಿಯನ್ನು ಹಿಡಿಯುವುದು ಹೇಗೆ? ಕಡೆಗೀಲಿನಂತೆ ಅಡ್ಡ ನಿಂತು ತಡೆಯುತ್ತದೆಂದು ಅನೇಕರ ಎಣಿಕೆ. ಅದು ಪೂರ್ಣ ಸತ್ಯವಲ್ಲ. ಗುಂಬದಿಂದ ಹೊರಕ್ಕೆ ಚಾಚಿರುವ ತಿರುಪಿನ ಕಡ್ಡಿಗೆ ಸ್ಟಡ್ಡು ಎಂದು ಹೆಸರು. ನಟ್ಟನ್ನು ಬಿಗಿದಾಗ ಸ್ಟಡ್ಡು ಅತಿ ಸ್ವಲ್ಪವಾಗಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸುರುಳಿಕಂಬಿಯಂತೆ ಮರಳಿ ಕುಗ್ಗಲು ಎಳೆಯುತ್ತದೆ. ಆ ಸೆಳೆತದಿಂದ ಗಾಲಿಯ ತಟ್ಟೆಯು ಗುಂಬದ ಮುಖಕ್ಕೆ ಅದುಮಲ್ಪಟ್ಟು, ಎರಡರ ನಡುವಣ ಘರ್ಷಣೆಯೇ ಗಾಲಿಯನ್ನು ಕದಲದಂತೆ ನಿಲ್ಲಿಸುತ್ತದೆ. ದುರ್ಗದ ಕೋಟೆಯ ದಪ್ಪ ಕಲ್ಲುಗಳನ್ನು ನೋಡಿದವರಿಗೆ ಇದು ಹೊಸದೆನಿಸದು. ಗಾರೆಯ ನೆರವಿಲ್ಲದೆ ಒಂದರ ಮೇಲೊಂದು ಒತ್ತಿ ಕುಳಿತ ಕಲ್ಲುಗಳನ್ನು ನಿಲ್ಲಿಸಿರುವುದು ಭಾರ ಮತ್ತು ಘರ್ಷಣೆಗಳೇ. ಅಲ್ಲಿ ಒತ್ತುವುದು ಕಲ್ಲಿನ ಭಾರ. ಇಲ್ಲಿ ಒತ್ತುವುದು ಹಿಗ್ಗಿದ ಸ್ಟಡ್ಡಿನ ಸೆಳೆತ.

ಈ ಹಿಗ್ಗು ಎಷ್ಟು? ಆಟೋ, ಸ್ಕೂಟರುಗಳ ಕಿರಿಯ ಸ್ಟಡ್ಡಿನಲ್ಲಿ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ತಲೆಗೂದಲಿನ ದಪ್ಪವು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಇಡೀ ಭದ್ರತೆಯು ಇಷ್ಟು ಸೂಕ್ಷ್ಮವಾದ ಹಿಗ್ಗಿನ ಮೇಲೆ ನಿಂತಿದೆಯೆಂಬುದನ್ನು ಅರಿತರೆ ಮುಂದಿನ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ. ಗಾಲಿಗೂ ಗುಂಬಕ್ಕೂ ನಡುವೆ ಹೊಸ ಬಣ್ಣದ ಲೇಪ, ತುಕ್ಕಿನ ಹೊಪ್ಪಳೆ, ಒಣಗಿದ ಕೆಸರು ಇದ್ದರೆ ಬಂಡಿ ಓಡಿದಂತೆ ಅದು ಪುಡಿಯಾಗಿ ಅಥವಾ ಅಮುಕಿಹೋಗಿ ತಗ್ಗುತ್ತದೆ. ಕೂದಲೆಳೆಯಷ್ಟು ತಗ್ಗಿದರೂ ಸ್ಟಡ್ಡಿನ ಹಿಗ್ಗು ಮಾಯವಾಗುತ್ತದೆ. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ. ಆದರೂ ಬಿಗಿ ಹೋಗಿರುತ್ತದೆ.

ಅನಂತರ ನಡೆಯುವುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರನು 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದನು. ಜೋಡಣೆಯು ಅಡ್ಡಡ್ಡಲಾಗಿ ಜಾರಾಡತೊಡಗಿದರೆ ತಿರುಪಿನಲ್ಲಿದ್ದ ಘರ್ಷಣೆಯು ಆ ಕ್ಷಣಕ್ಕೆ ಕೆಲಸಕ್ಕೆ ಬಾರದಂತಾಗಿ, ಯಾರ ಕೈಯೂ ಸೋಕದೆ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಜಾರಾಟಕ್ಕೆ ಅವಕಾಶ ಕೊಡದಷ್ಟು ಬಿಗಿ ಇದ್ದರೆ ಅದೇ ನಟ್ಟು ಅಲುಗದು. ಸಾಮಾನ್ಯ ಆಟೋವಿನ ಎಂಟು ಅಂಗುಲದ ಗಾಲಿಯು ಒಂದು ಕಿಲೋಮೀಟರಿಗೆ ಸುಮಾರು 770 ಸುತ್ತು ಸುತ್ತುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರು. ಎಂದರೆ ಒಂದು ಪ್ರಯಾಣಕ್ಕೆ ಮೂವತ್ತು ಸಾವಿರ ಸುತ್ತು. ಸಡಿಲವಾದ ಗಾಲಿ ಪ್ರತಿ ಸುತ್ತಿಗೂ ಸ್ಟಡ್ಡನ್ನು ಒಮ್ಮೆ ಬಗ್ಗಿಸಿ ಬಿಡುತ್ತದೆ. ಹೀಗೆ ಮತ್ತೆ ಮತ್ತೆ ಬಗ್ಗಿದ ಲೋಹವು ತನ್ನ ಶಕ್ತಿಗಿಂತ ಬಹಳ ಕಡಮೆಯಾದ ಭಾರಕ್ಕೇ ಮುರಿಯುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಮಾರ್ಗದಲ್ಲಿ ರೈಲು ಎಂಜಿನಿನ ಇರಚಿ ಮುರಿದು ಘೋರ ಅನಾಹುತವಾಯಿತು. ಲೋಹದ ಈ ದಣಿವನ್ನು ಆ ಬಳಿಕ ಹಲವರು ಅಭ್ಯಾಸ ಮಾಡಿದರು. ಅವರಲ್ಲಿ ಪ್ರಷ್ಯದ ಆಗಸ್ಟ್ ವೋಲರನ ಪ್ರಯೋಗಗಳು ಪ್ರಸಿದ್ಧವಾಗಿವೆ. ಸ್ಟಡ್ಡು ಮುರಿದುದರಿಂದ ಗಾಲಿ ಸಡಿಲವಾಯಿತೆಂದು ನಾವು ಹೇಳುವೆವು. ಅನೇಕ ವೇಳೆ ಗಾಲಿ ಸಡಿಲವಾಗಿದ್ದುದರಿಂದಲೇ ಸ್ಟಡ್ಡು ಮುರಿದಿರುತ್ತದೆ.

ಹಾಗಾದರೆ ಬಲವಿದ್ದಷ್ಟೂ ಬಿಗಿದುಬಿಡೋಣವೆಂದರೆ ಅದೂ ತಪ್ಪು. ಹಿಗ್ಗಿದ ಉಕ್ಕು ಒಂದು ಮಿತಿಯವರೆಗೆ ಮಾತ್ರ ಮರಳಿ ಕುಗ್ಗುತ್ತದೆ. ಮಿತಿ ಮೀರಿದರೆ ಎಳೆದ ಮೇಣದಂತೆ ಉದ್ದವಾಗಿಯೇ ಉಳಿದು, ಸೆಳೆತವನ್ನು ಕಳೆದುಕೊಂಡು, ಒಂದು ದಿನ ಕಡಿದುಹೋಗುತ್ತದೆ. ಇದಕ್ಕೆ ಲೆಕ್ಕವುಂಟು. ತಿರುಚುವ ಬಲವನ್ನು ನ್ಯೂಟನ್ ಮೀಟರ್ ಎಂಬ ಅಳತೆಯಿಂದ ಎಣಿಸುತ್ತಾರೆ. ವೆಸ್ಪಾ ಬಗೆಯ ಸ್ಕೂಟರುಗಳ 8 ಮಿಲಿಮೀಟರಿನ ಗಾಲಿ ನಟ್ಟಿಗೆ 20ರಿಂದ 27 ಸಾಕು. ಸಣ್ಣ ಕಾರಿನ 12 ಮಿಲಿಮೀಟರಿನ ಸ್ಟಡ್ಡಿಗೆ ಸಾಮಾನ್ಯವಾಗಿ 90ರಿಂದ 120 ಬೇಕು. ಕಾಲು ಮೀಟರು ಉದ್ದದ ಸ್ಪ್ಯಾನರಿನ ತುದಿಯನ್ನು ಹತ್ತು ಕಿಲೋ ಭಾರದಷ್ಟು ಒತ್ತಿದರೆ ಸುಮಾರು 25 ಆಗುತ್ತದೆ. 60 ಕಿಲೋ ತೂಕದ ಮನುಷ್ಯನು ಅರ್ಧ ಮೀಟರಿನ ಹಿಡಿಯ ಮೇಲೆ ಹತ್ತಿ ನಿಂತರೆ ಸುಮಾರು 300! ಇದು ಕಾರಿನ ನಟ್ಟಿಗೆ ಬೇಕಾದುದರ ಮೂರರಷ್ಟು. ಸ್ಕೂಟರಿನ ನಟ್ಟಿಗೆ ಬೇಕಾದುದರ ಹನ್ನೆರಡರಷ್ಟು. ಲಾರಿಯ ಗಾಲಿಯನ್ನು ಬಿಗಿಯುವ ಅಭ್ಯಾಸದಿಂದಲೇ ಆಟೋವಿನ ಗಾಲಿಯನ್ನೂ ತುಳಿದು ಬಿಗಿಯುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ. ಆಯಾ ವಾಹನಕ್ಕೆ ತಕ್ಕ ಅಂಕಿಯನ್ನು ತಯಾರಕರು ಕೊಟ್ಟ ಪುಸ್ತಕದಲ್ಲಿಯೇ ನೋಡತಕ್ಕದ್ದು.

ಎಣ್ಣೆಯ ವಿಷಯವೂ ವಿಚಾರಾರ್ಹವಾದುದು. ನಟ್ಟನ್ನು ತಿರುಚುವ ಶ್ರಮದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ತಿರುಪಿನ ಎಳೆಗಳ ಮತ್ತು ನಟ್ಟಿನ ಮುಖದ ಘರ್ಷಣೆಗೇ ವೆಚ್ಚವಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸಲು ಒದಗುವುದು ಉಳಿದ ಹತ್ತು ಪಾಲು ಮಾತ್ರ. ಎಣ್ಣೆ ಹಚ್ಚಿದರೆ ಘರ್ಷಣೆ ತಗ್ಗಿ, ಅದೇ ತಿರುಚುಬಲಕ್ಕೆ ಸೆಳೆತವು ಬಹಳ ಹೆಚ್ಚಿ, ಸ್ಟಡ್ಡು ಮಿತಿ ಮೀರಬಹುದು. ತುಕ್ಕು ಹಿಡಿದಿದ್ದರೆ ಇದರ ವಿಪರೀತ. ಕೈಗೆ ಬಿಗಿಯೆನಿಸಿದರೂ ಸ್ಟಡ್ಡಿನಲ್ಲಿ ಸೆಳೆತವೇ ಇರದು. ಆದುದರಿಂದ ತಯಾರಕರು ಬೇರೆ ಹೇಳದ ಹೊರತು ತಿರುಪನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಶುದ್ಧವಾಗಿ, ಒಣಗಿದಂತೆ ಇಡುವುದೇ ಮೇಲು.

ನಟ್ಟಿನ ಮುಖಕ್ಕೂ ಗಾಲಿಯ ರಂಧ್ರಕ್ಕೂ ಹೊಂದಿಕೆ ಬೇಕು. ಕೆಲವು ನಟ್ಟುಗಳ ಮುಖ ಶಂಕುವಿನಂತೆ ಇಳಿಜಾರು, ಕೆಲವದು ಗೋಲಾಕಾರ, ಕೆಲವದು ಚಪ್ಪಟೆಯಾಗಿ ಅಡಿಯಲ್ಲಿ ವಾಷರನ್ನು ಬೇಡುತ್ತದೆ. ಒಂದರ ರಂಧ್ರಕ್ಕೆ ಇನ್ನೊಂದನ್ನು ಹಾಕಿದರೆ ತಿರುಪು ಕೂಡಿತೆಂಬುದೇ ಸಮಾಧಾನ. ಹಿಡಿತವು ಅಂಚಿನಲ್ಲಿ ಮಾತ್ರ. ಇನ್ನು ಹಿಡಿದ ತಿರುಪಿನ ಉದ್ದವು ಕನಿಷ್ಠಪಕ್ಷ ಸ್ಟಡ್ಡಿನ ದಪ್ಪದಷ್ಟಾದರೂ ಇರಬೇಕೆಂಬುದು ಒಂದು ಹಳೆಯ ಸೂತ್ರ. 8 ಮಿಲಿಮೀಟರಿನ ಸ್ಟಡ್ಡಿನ ತಿರುಪು ಸಾಮಾನ್ಯವಾಗಿ ಸುತ್ತಿಗೆ 1.25 ಮಿಲಿಮೀಟರು ಮುಂದುವರಿಯುವುದರಿಂದ ನಟ್ಟು ಆರೂವರೆ ಸುತ್ತಾದರೂ ಏರಬೇಕು. ಗಾಲಿಯನ್ನು ಹೊರಕ್ಕೆ ಚಾಚಲೆಂದು ನಡುವೆ ಬಿಲ್ಲೆಗಳನ್ನು ಸೇರಿಸುವವರು ಈ ಸುತ್ತುಗಳನ್ನು ಎಣಿಸಿ ನೋಡಲಿ. ಇಂತಹ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಯಂತ್ರಿಸುತ್ತದೆಂಬುದನ್ನೂ ಮರೆಯಲಾಗದು.

ಒಂದು ಅಪಾಯವನ್ನು ಬೇರೆಯಾಗಿ ಹೇಳಬೇಕು. ಹಲವು ಆಟೋ ಮತ್ತು ಸ್ಕೂಟರುಗಳ ಗಾಲಿಯು ಎರಡು ಹೋಳುಗಳನ್ನು ಕೂಡಿಸಿ ಮಾಡಿದ್ದು. ಅದರಲ್ಲಿ ಗಾಲಿಯನ್ನು ಗುಂಬಕ್ಕೆ ಬಿಗಿಯುವ ನಟ್ಟುಗಳು ಒಂದು ವರ್ಗ. ಎರಡು ಹೋಳುಗಳನ್ನು ಒಂದಾಗಿ ಹಿಡಿಯುವ ನಟ್ಟುಗಳು ಇನ್ನೊಂದು ವರ್ಗ. ಟ್ಯೂಬಿನಲ್ಲಿ ಗಾಳಿಯಿರುವಾಗ ಎರಡನೆಯ ವರ್ಗವನ್ನು ಬಿಚ್ಚಿದರೆ ಹೋಳುಗಳು ಸಿಡಿದು ಎದುರಿಗಿದ್ದವನ ಮುಖಕ್ಕೂ ಕೈಗೂ ಬಡಿಯುತ್ತವೆ. ಗಾಳಿಯನ್ನು ಪೂರ್ಣವಾಗಿ ಬಿಡದೆ ಅವುಗಳನ್ನು ಮುಟ್ಟಲೇ ಕೂಡದು. ಪಂಕ್ಚರು ಅಂಗಡಿಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ಪಾಠವಾಗಿ ಇದನ್ನೇ ಹೇಳಿಕೊಡಬೇಕು.

ಪಕ್ಕದ ಗಾಲಿ ಜೋಡಿಸಿದ ಸ್ಕೂಟರುಗಳಲ್ಲಿ ಗಾಲಿಯು ಅನೇಕ ವೇಳೆ ಒಂದೇ ಇರಚಿಯ ಮೇಲೆ ಒಂದೇ ನಟ್ಟಿನಿಂದ ನಿಂತಿರುತ್ತದೆ. ಕೋಟೆಯ ತೆನೆಯಂತೆ ಕಚ್ಚುಗಳುಳ್ಳ ನಟ್ಟು, ಅದರಲ್ಲಿ ತೂರಿಸಿದ ಇಕ್ಕವಲಿನ ಪಿನ್ನು. ಇದು ನಿಜವಾಗಿಯೂ ಹಳೆಯ ಕಡೆಗೀಲಿನ ಮರುಹುಟ್ಟು. ಆ ಪಿನ್ನನ್ನು ಒಮ್ಮೆ ತೆಗೆದರೆ ಮತ್ತೆ ಹಾಕಬಾರದು. ಬಗ್ಗಿ ನೆಟ್ಟಗಾದ ತಂತಿಯು ಮುಂದಿನ ಬಾರಿ ಮುರಿಯಲು ಸಿದ್ಧವಾಗಿರುತ್ತದೆ. ಪಿನ್ನಿನ ಬದಲು ಮೊಳೆಯ ತುಂಡನ್ನೋ ಕಟ್ಟುವ ತಂತಿಯನ್ನೋ ಸಿಕ್ಕಿಸುವುದು ಮನುಷ್ಯನ ಪ್ರಾಣವನ್ನು ಮೊಳೆಯ ಬೆಲೆಗೆ ಇಳಿಸಿದಂತೆ. ಪಕ್ಕದ ಗಾಲಿಯನ್ನು ಸ್ಕೂಟರಿಗೆ ಜೋಡಿಸುವ ಚೌಕಟ್ಟಿನ ಬೋಲ್ಟುಗಳಿಗೂ ಬೆಸುಗೆಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಗಾಲಿ ಬದಲಿಸುವ ಕ್ರಮವು ಇಂತು: ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲಿನ ತಡೆ ಕೊಡಬೇಕು. ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಅನಂತರ ಜಾಕಿಯಿಂದ ಎತ್ತಬೇಕು. ಗುಂಬದ ಮತ್ತು ಗಾಲಿಯ ಮುಖಗಳನ್ನು ಉಜ್ಜಿ, ರಂಧ್ರಗಳು ಅಂಡಾಕಾರವಾಗಿವೆಯೇ, ಸೀಳಿವೆಯೇ ಎಂದು ನೋಡಬೇಕು. ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಏರದ ನಟ್ಟನ್ನು ಸ್ಪ್ಯಾನರಿನಿಂದ ಬಲವಂತ ಮಾಡಬಾರದು. ಬಳಿಕ ಒಂದರ ಪಕ್ಕದ್ದನ್ನು ಬಿಗಿಯದೆ, ನಾಲ್ಕಿದ್ದರೆ ಎದುರುಬದುರಾಗಿ, ಐದಿದ್ದರೆ ಒಂದನ್ನು ಬಿಟ್ಟು ಒಂದರಂತೆ ನಕ್ಷತ್ರಾಕಾರದಲ್ಲಿ, ಎರಡು ಮೂರು ಸರದಿಗಳಲ್ಲಿ ಬಿಗಿಯಬೇಕು. ಇಲ್ಲವಾದರೆ ಗಾಲಿ ಓರೆಯಾಗಿ ಕೂರುತ್ತದೆ. ಕಡೆಯ ಬಿಗಿಯನ್ನು ಗಾಲಿ ನೆಲಕ್ಕಿಳಿದ ಮೇಲೆ ಅಳತೆಯ ಸ್ಪ್ಯಾನರಿನಿಂದ ಕೊಡಬೇಕು. ಸ್ಟಡ್ಡೊಂದು ಮುರಿದಿದ್ದರೆ ಅದರ ಎರಡು ನೆರೆಯವನ್ನೂ ಬದಲಿಸುವುದು ಉಚಿತ; ಮುರಿದುದರ ಹೊರೆಯನ್ನು ಹೊತ್ತು ಅವೂ ದಣಿದಿರುತ್ತವೆ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಹೊಸದಾಗಿ ಕೂಡಿಸಿದ ಜೋಡಣೆಯು ಓಡಿದಂತೆ ಸ್ವಲ್ಪ ಕುಳಿತುಕೊಳ್ಳುತ್ತದೆ. ಆದುದರಿಂದ 50ರಿಂದ 100 ಕಿಲೋಮೀಟರು ಓಡಿದ ಮೇಲೆ ಗಾಲಿಯು ತಣ್ಣಗಿರುವಾಗ ನಟ್ಟುಗಳನ್ನು ಸಡಿಲಿಸದೆ ಅದೇ ಅಳತೆಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಚಿತ್ರದುರ್ಗದವನು ಹಿರಿಯೂರಿಗೆ, ಹೊಳಲ್ಕೆರೆಯವನು ಚಿತ್ರದುರ್ಗಕ್ಕೆ ಒಮ್ಮೆ ಹೋಗಿ ಬಂದರೆ ಆ ದೂರವಾಯಿತೆಂದು ನೆನಪಿಡಬಹುದು. ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ತಿರುಗುತ್ತಿರುವ ದೊಡ್ಡ ಗಾಳಿಯಂತ್ರಗಳ ಬೋಲ್ಟುಗಳಿಗೂ ಇದೇ ನ್ಯಾಯ. ಅಳತೆಯಿಂದ ಬಿಗಿದು, ಕೆಲಕಾಲ ನಡೆದ ಮೇಲೆ ಮತ್ತೆ ಅಳತೆ ನೋಡುತ್ತಾರೆ. ಬೆಟ್ಟದ ಮೇಲಿನ ಯಂತ್ರಕ್ಕೆ ಸಲ್ಲುವ ಮರ್ಯಾದೆಯು ಬೀದಿಯ ಆಟೋವಿಗೂ ಸಲ್ಲಬೇಕಷ್ಟೆ.

ರೋಗದ ಲಕ್ಷಣಗಳೂ ಕಣ್ಣಿಗೆ ಕಾಣುವಂತಹವೇ. ನಟ್ಟಿನ ಬುಡದಿಂದ ಕಿರಣಗಳಂತೆ ಹೊರಟ ತುಕ್ಕಿನ ಗೆರೆಗಳು, ನಟ್ಟಿನ ಸುತ್ತ ಬಣ್ಣ ಉಜ್ಜಿಹೋಗಿ ಹೊಳೆಯುವ ಲೋಹ, ನಿಧಾನವಾಗಿ ಹೋಗುವಾಗ ಟಕ್ ಟಕ್ ಎಂಬ ಸದ್ದು, ಹಿಂದಿನಿಂದ ನೋಡಿದರೆ ಗಾಲಿಯ ಓಲಾಟ. ಬಿಗಿದ ಕೂಡಲೇ ನಟ್ಟಿನಿಂದ ಗಾಲಿಯ ಮೇಲಕ್ಕೆ ಬಿಳಿಯ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ನಟ್ಟು ತಿರುಗಿದಾಗ ಗೆರೆ ತುಂಡಾಗಿ ತೋರುತ್ತದೆ. ಆದರೆ ನಾವು ಮೇಲೆ ಹೇಳಿದಂತೆ ನಟ್ಟು ತಿರುಗದೆಯೂ ಬಿಗಿ ಹೋಗಬಹುದಾದ್ದರಿಂದ ಗೆರೆಯು ಸ್ಪ್ಯಾನರಿನ ಬದಲಿಯಾಗಲಾರದು.

ಪಟ್ಟಣದಲ್ಲಿರುವ ನಮಗೆ ಇದರಲ್ಲಿ ಮಾಡತಕ್ಕದ್ದೇನು ಎಂದು ಕೇಳಬಹುದು. ನಮ್ಮ ಮಕ್ಕಳು ಪ್ರತಿದಿನ ಪಾಠಶಾಲೆಗೆ ಹೋಗುವುದು ಈ ಗಾಲಿಗಳ ಮೇಲೆಯೇ. ಹತ್ತುವ ಮುನ್ನ ಹಿಂದಿನ ಗಾಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಒಂದು ನಟ್ಟು ಇಲ್ಲದಿದ್ದರೆ ಚಾಲಕನಿಗೆ ವಿನಯದಿಂದ ತಿಳಿಸುವುದು ಯಾರಿಗೂ ಭಾರವಲ್ಲ. ದಿನದ ಗಳಿಕೆಯನ್ನು ನಂಬಿದ ಚಾಲಕನೊಬ್ಬನು ಅಳತೆಯ ಸ್ಪ್ಯಾನರನ್ನು ಕೊಳ್ಳಲಾರನಾದರೂ ಒಂದು ನಿಲ್ದಾಣದ ಚಾಲಕರೆಲ್ಲ ಕೂಡಿ ಒಂದನ್ನು ಕೊಂಡು, ವಾರಕ್ಕೊಂದು ಬೆಳಗ್ಗೆ ಸರದಿಯಂತೆ ಬಳಸಬಹುದು. ಪಕ್ಕದ ಗಾಲಿಯ ಸ್ಕೂಟರಿನಲ್ಲಿ ಓಡಾಡುವ ನೆರೆಯವರ ವಿಷಯದಲ್ಲಂತೂ ನಮ್ಮ ಕರ್ತವ್ಯವು ಇನ್ನೂ ಸ್ಪಷ್ಟವಾದುದು. ತಮ್ಮ ಬಂಡಿಯ ಗಾಲಿಯ ಬಳಿ ತಾವೇ ಕುಕ್ಕುರು ಕುಳಿತು ನೋಡುವುದು ಅವರಲ್ಲಿ ಅನೇಕರಿಗೆ ಸಾಧ್ಯವಿಲ್ಲ. ಅವರ ಪರವಾಗಿ ತಿಂಗಳಿಗೊಮ್ಮೆ ಬಗ್ಗಿ, ಆ ಪಿನ್ನನ್ನೂ ನಟ್ಟನ್ನೂ ಮುಟ್ಟಿ ನೋಡಲು ಬೇಕಾದುದು ಐದು ನಿಮಿಷದ ಬಿಡುವು ಮಾತ್ರ.